ಮನೆಯಲ್ಲಿ ಕೂತು ಅಮೆರಿಕಕ್ಕೆ ಹಾರುವವರ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಶನಿವಾರ ಸಂಜೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೇ ಹೊತ್ತಿಗೆ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತವನೊಬ್ಬ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಬೋಯಿಂಗ್ 777 ವಿಮಾನವನ್ನು ಮೇಲೆಬ್ಬಿಸುತ್ತಾನೆ. ಅದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವುದು ಮರುದಿನ ಬೆಳಿಗ್ಗೆ, ಇಲ್ಲಿ ಜನ ತಿಂಡಿಗೆ ಕೂರುವಾಗ. ಫ್ಲೈಟ್ ಸಿಮ್ಯುಲೇಟರಿನಲ್ಲಿ ದೂರದ ಹಾದಿಯನ್ನು ನಿಜವಾದ ಗಡಿಯಾರದ ಪ್ರಕಾರವೇ ಹಾರುವ ಹವ್ಯಾಸ ಇದು. ಆ ಮಹಡಿಯಲ್ಲಿ ಕೂರುವವನು ನಾನೇ ಆದ್ದರಿಂದ, ಈ ಬಗ್ಗೆ ಊರಿನಲ್ಲಿ ಹರಡಿರುವ ಅಭಿಪ್ರಾಯಗಳೆಲ್ಲ ಒಂದಲ್ಲ ಒಂದು ದಿನ ನನ್ನ ಕಿವಿಗೆ ಬಿದ್ದೇ ಬಿದ್ದಿವೆ. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲಂತೂ ವಿಮಾನದ ವಿಷಯದಲ್ಲಿ ಶಿವಮೊಗ್ಗದಲ್ಲಿ ಪಂಡಿತರಲ್ಲದವರು ಯಾರೂ ಇಲ್ಲ.

ತಪ್ಪು ಕಲ್ಪನೆ: ಇದೊಂದು ಮಕ್ಕಳ ವಿಡಿಯೊ ಗೇಮ್.

ವಾಸ್ತವ: ಸಿಮ್ಯುಲೇಟರ್ ಹುಟ್ಟಿದ್ದು ಆಟಕ್ಕಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ಮನೆತನ ಆರ್ಗನ್ ವಾದ್ಯ ತಯಾರಿಸುತ್ತಿತ್ತು. ಆ ಕಾರ್ಖಾನೆಯ ಗಾಳಿತಿದಿಗಳನ್ನೇ ಬಳಸಿ ಅವನು 1929ರಲ್ಲಿ, ನೆಲದ ಮೇಲೆ ನಿಂತಲ್ಲೇ ವಾಲುವ, ತಿರುಗುವ ಒಂದು ಪುಟ್ಟ ವಿಮಾನ ಮಾಡಿದ. ಮೊದಮೊದಲು ಅದನ್ನು ಜಾತ್ರೆಯ ಆಟಿಕೆಯೆಂದೇ ಜನ ಕೊಂಡರು. 1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳು ಮೋಡ, ಹಿಮದಲ್ಲಿ ಅಂಚೆ ಸಾಗಿಸಲು ಹೋಗಿ ಸಾಲುಸಾಲಾಗಿ ಸತ್ತಾಗ ಸೇನೆ ಅದನ್ನು ಕೊಂಡಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕೂತು ಕಲಿತರು. ಮನೆಯ ಕಂಪ್ಯೂಟರಿಗೆ ಇದನ್ನು ತಂದವನು ಬ್ರೂಸ್ ಆರ್ಟ್‌ವಿಕ್. ಅವನ ಕೆಲಸವನ್ನು ಆಧರಿಸಿಯೇ 1982ರಲ್ಲಿ ಮೈಕ್ರೋಸಾಫ್ಟ್‌ನ ಮೊದಲ ಫ್ಲೈಟ್ ಸಿಮ್ಯುಲೇಟರ್ ಬಂತು. ವಿಂಡೋಸ್ ಹುಟ್ಟುವುದಕ್ಕೂ ಮೊದಲಿನ ಮಾತು ಇದು. ಇದರಲ್ಲಿ ಪಾಯಿಂಟ್ ಇಲ್ಲ, ಲೆವೆಲ್ ದಾಟುವುದಿಲ್ಲ, ವೈರಿಯಿಲ್ಲ. ಗೆದ್ದೆ ಎಂದು ಹೇಳಿಕೊಳ್ಳಲು ಏನೂ ಇಲ್ಲದ್ದನ್ನು ಆಟ ಎನ್ನುವುದಾದರೆ ಅನ್ನಲಿ, ಜಗಳವಿಲ್ಲ.

ತಪ್ಪು ಕಲ್ಪನೆ: ಆಟೊಪೈಲಟ್‌ಗೆ ಹಾಕಿ ಮಲಗಿಬಿಡುವುದು, ಮತ್ತೇನಿದೆ ಅದರಲ್ಲಿ?

ವಾಸ್ತವ: ಎಲ್ಲರೂ ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ಅರ್ಧ ನ್ಯಾಯವೂ ಇದೆ. ಹದಿನಾರು ಗಂಟೆಯ ಹಾರಾಟದಲ್ಲಿ ಸ್ಟಿಕ್ ಹಿಡಿದು ಕೈಯಾರೆ ಹಾರಿಸುವುದು ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ಉಳಿದದ್ದೆಲ್ಲ ಆಟೊಪೈಲಟ್ ಕೆಲಸವೇ. ಆದರೆ ಆಟೊಪೈಲಟ್ ವಿಮಾನವನ್ನು ನೆಟ್ಟಗೆ ಹಿಡಿಯುತ್ತದೆಯೇ ಹೊರತು ಯೋಚನೆ ಮಾಡುವುದಿಲ್ಲ.

ಇಂಧನದ ವಿಷಯವನ್ನೇ ನೋಡಿ. ಬೋಯಿಂಗ್ 777-200 ಎಲ್‌ಆರ್ ನೆಲ ಬಿಡುವಾಗ ಗರಿಷ್ಠ 347 ಟನ್ ತೂಗಬಹುದು. ಅದರ ಟ್ಯಾಂಕ್‌ಗಳಲ್ಲಿ ಹಿಡಿಸುವ ಇಂಧನವೇ ಸುಮಾರು 145 ಟನ್. ಅಂದರೆ ವಿಮಾನ ಹೊತ್ತೊಯ್ಯುವುದು ಜನರಿಗಿಂತ ಹೆಚ್ಚಾಗಿ ತನ್ನ ಊಟವನ್ನೇ. ಅಷ್ಟು ಭಾರದಲ್ಲಿ ಅದು ಒಂದೇ ಸಲಕ್ಕೆ 39,000 ಅಡಿಗೆ ಏರಲಾರದು. 29,000 ಅಥವಾ 31,000 ಅಡಿಯಲ್ಲಿ ಶುರು ಮಾಡಿ, ಇಂಧನ ಉರಿದು ಹಗುರಾದಂತೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಬೇಗ ಏರಿದರೆ ರೆಕ್ಕೆಗೆ ಆಧಾರ ಸಾಲದು, ತಡ ಮಾಡಿದರೆ ದಟ್ಟ ಗಾಳಿಯಲ್ಲಿ ಇಂಧನ ವ್ಯರ್ಥ. ಪೂರ್ವಕ್ಕೆ ಮುಖ ಮಾಡಿದ ವಿಮಾನ 31, 33, 35 ಸಾವಿರ ಹೀಗೆ ಬೆಸ ಸಂಖ್ಯೆಯ ಎತ್ತರ ಹಿಡಿಯಬೇಕು, ಪಶ್ಚಿಮಕ್ಕೆ ಹೋಗುವವರಿಗೆ ಸಮ ಸಂಖ್ಯೆ. ಚೀನಾದ ಗಡಿ ದಾಟಿದೊಡನೆ ಎತ್ತರದ ಲೆಕ್ಕವೆಲ್ಲ ಅಡಿಯಿಂದ ಮೀಟರಿಗೆ ಬದಲಾಗುತ್ತದೆ.

ನನ್ನ ಮೇಜಿನ ಮೇಲೆ ಒಂದು ಲಾಂಗ್ ಬುಕ್ ಇರುತ್ತದೆ. ಅದರಲ್ಲಿ ಗೆರೆ ಹಾಕಿದ ಐದು ಕಾಲಂ: ದಾರಿಯ ಬಿಂದುವಿನ ಹೆಸರು, ಅಲ್ಲಿಗೆ ತಲುಪಬೇಕಿದ್ದ ಹೊತ್ತು, ತಲುಪಿದ ಹೊತ್ತು, ಇರಬೇಕಿದ್ದ ಇಂಧನ, ಇರುವ ಇಂಧನ. ಹೊತ್ತೆಲ್ಲ ಗ್ರೀನಿಚ್ ಲೆಕ್ಕದಲ್ಲಿ, ಅಂದರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು. ಒಂದು ಬಿಂದುವಿನಲ್ಲಿ 62.4 ಟನ್ ಇರಬೇಕಿತ್ತು, 61.8 ಇದೆ ಎಂದಿಟ್ಟುಕೊಳ್ಳಿ. ಆರುನೂರು ಕಿಲೊ ಕಮ್ಮಿ. ಒಂದು ಸಲಕ್ಕೆ ಅದೇನೂ ದೊಡ್ಡ ವಿಷಯವಲ್ಲ. ಮುಂದಿನ ಬಿಂದುವಿನಲ್ಲಿ ಒಂಬೈನೂರು, ಅದರ ಮುಂದೆ ಸಾವಿರದ ಮುನ್ನೂರು ಎಂದು ಬೆಳೆಯುತ್ತ ಹೋದರೆ ಎದುರುಗಾಳಿ ಲೆಕ್ಕ ಮೀರಿದೆ, ಇಲ್ಲವೇ ಎತ್ತರ ತಪ್ಪಾಗಿದೆ ಎಂದರ್ಥ. ಆಗ ರಾತ್ರಿ ಎರಡು ಗಂಟೆಗೆ ಕೂತು ತೀರ್ಮಾನ ಮಾಡಬೇಕು: ಮೇಲೇರುವುದೋ, ನಿಧಾನಿಸುವುದೋ, ನಡುವೆ ಎಲ್ಲಾದರೂ ಇಳಿಯುವುದೋ.

ಭದ್ರಾವತಿಯ ನಮ್ಮ ಚಿಕ್ಕಪ್ಪ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿದು ನಿವೃತ್ತರಾದವರು. ಮನೆಮಂದಿಯೆಲ್ಲ ನಗುವಾಗ ಅವರೊಬ್ಬರು ಆ ಲಾಂಗ್ ಬುಕ್ ತಿರುವಿ ನೋಡಿ, "ಇದು ನಮ್ಮ ಶಿಫ್ಟ್ ಲಾಗ್ ಬುಕ್ ಅಲ್ವೇನೋ! ಕುಲುಮೆ ಮುಂದೆ ಕೂತವ್ನು ಕೂಡ ಸುಮ್ನೆ ಕೂತಂಗೇ ಕಾಣ್ತಾನೆ" ಅಂದರು. ಇದಕ್ಕಿಂತ ಚೆನ್ನಾಗಿ ಇದನ್ನು ನನಗೆ ವಿವರಿಸಲು ಬಂದಿಲ್ಲ.

ನಡುವೆ ಎಲ್ಲಿ ಇಳಿಯುವುದು ಎಂಬುದು ಬರೀ ಕಾಗದದ ಪ್ರಶ್ನೆಯಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾದ 777, ಒಂದು ಎಂಜಿನ್ನಿನ ತೊಂದರೆಯಿಂದ ರಷ್ಯಾದ ದೂರದ ಪೂರ್ವದಲ್ಲಿರುವ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಬದಲಿ ವಿಮಾನ ಹೋಗಿ ಅವರನ್ನು ಕರೆದೊಯ್ಯುವವರೆಗೆ ಶಾಲೆ, ಹಾಸ್ಟೆಲುಗಳಲ್ಲಿ ಉಳಿಯಬೇಕಾಯಿತು. ಎರಡೇ ಎಂಜಿನ್ ಇರುವ ವಿಮಾನ, ಒಂದು ಎಂಜಿನ್ ನಿಂತರೂ ನಿಗದಿತ ನಿಮಿಷಗಳೊಳಗೆ ತಲುಪಬಲ್ಲ ನಿಲ್ದಾಣವನ್ನು ದಾರಿಯುದ್ದಕ್ಕೂ ಕೈಯಳತೆಯಲ್ಲಿ ಇಟ್ಟುಕೊಂಡೇ ಹಾರಬೇಕು ಎಂಬ ನಿಯಮವಿದೆ. ಮಗದಾನ್ ಹೆಸರನ್ನು ಈಗ ನಮ್ಮಂಥವರು ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳುತ್ತೇವೆ.

ತಪ್ಪು ಕಲ್ಪನೆ: ನಕ್ಷೆಯಲ್ಲಿ ಎರಡು ಊರಿನ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ದಾರಿ ಸಿಕ್ಕಿತು.

ವಾಸ್ತವ: ಶಾಲೆಯ ಗ್ಲೋಬ್ ತೆಗೆದುಕೊಳ್ಳಿ. ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆಯಿರಿ. ಗೋಡೆಯ ನಕ್ಷೆ ನೋಡಿ ಬೆಳೆದವರು ದಾರ ಪೆಸಿಫಿಕ್ ಸಾಗರದ ನಡುವೆ ಹೋಗುತ್ತದೆ ಎಂದುಕೊಂಡಿರುತ್ತಾರೆ. ದಾರ ಉತ್ತರಕ್ಕೆ ನೆಗೆಯುತ್ತದೆ. ನೇಪಾಳದ ಧವಳಗಿರಿಯ ಆಸುಪಾಸು, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಪೂರ್ವ ಸೈಬೀರಿಯಾ, ಆರ್ಕ್‌ಟಿಕ್ ಸಾಗರದ ದಡ, ಅಲಾಸ್ಕಾ, ಆಮೇಲೆ ಅಮೆರಿಕದ ಪಶ್ಚಿಮ ಕರಾವಳಿ. ಅತಿ ಉತ್ತರದಲ್ಲಿ ಅದು ಮುಟ್ಟುವುದು ಸುಮಾರು 71 ಡಿಗ್ರಿ ಅಕ್ಷಾಂಶ. ಉದ್ದ 14,000 ಕಿ.ಮೀ.ಗೆ ಸ್ವಲ್ಪ ಕಮ್ಮಿ.

ಹಾಗೆಂದು ಆ ದಾರದ ಮೇಲೇ ಹಾರುವಂತಿಲ್ಲ. ಟಿಬೆಟ್ ಮೇಲೆ ಹೋಗುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಯಬೇಕು, ಪ್ರಯಾಣಿಕರ ಮುಖವಾಡದ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸಿಗೆ ಮುಗಿಯುತ್ತದೆ. ಅಲ್ಲಿಯ ನೆಲವೇ 15,000 ಅಡಿ ಎತ್ತರದಲ್ಲಿದೆ! ಆದ್ದರಿಂದ ಸುತ್ತು ಹಾದಿ, ಇಲ್ಲವೇ ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲೇ ಗೊತ್ತು ಮಾಡಿಕೊಂಡ ಹಾದಿ. ಮೇಲಿಂದ ಯಾವ ದೇಶ ಯಾರಿಗೆ ಆಕಾಶ ಮುಚ್ಚಿದೆ ಎಂಬುದೂ ಸೇರಿಕೊಳ್ಳುತ್ತದೆ. 2022ರಿಂದ ಅಮೆರಿಕದ ಕಂಪನಿಗಳು ರಷ್ಯಾದ ಮೇಲೆ ಹಾರುವಂತಿಲ್ಲ.

ಈ ಹಾದಿಯಲ್ಲಿ ನಿಜವಾಗಿ ಹಾರಿದವರ ಕಥೆಯನ್ನೂ ಹೇಳಬೇಕು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ 176, ಜನವರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಆ ಎರಡು ನಗರಗಳ ನಡುವೆ ನಿಲ್ಲದೆ ಬಂದ ಮೊದಲ ಸೇವೆ ಅದು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವ, ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಣೆ, ಶಿವಾನಿ ಮನ್ಹಾಸ್. ಅವರು ಬಂದದ್ದು ಉತ್ತರ ಧ್ರುವದ ಮೇಲಿನಿಂದ, ಸುಮಾರು ಹದಿನೇಳು ಗಂಟೆ. ದಾರದ ಲೆಕ್ಕಕ್ಕಿಂತ ಇನ್ನೂ ಉತ್ತರಕ್ಕೆ ಯಾಕೆ ಹೋದರು? ಗಾಳಿಗಾಗಿ. ನೆಲದ ಮೇಲಿನ ಅತಿ ಗಿಡ್ಡ ದಾರಿ ಆಕಾಶದಲ್ಲಿ ಅತಿ ಬೇಗದ ದಾರಿ ಆಗಬೇಕೆಂದೇನೂ ಇಲ್ಲ.

ಧ್ರುವದ ಹತ್ತಿರ ದಿಕ್ಸೂಚಿಯನ್ನು ನಂಬುವಂತಿಲ್ಲ, ವಿಮಾನ ಕಾಂತೀಯ ಉತ್ತರವನ್ನು ಬಿಟ್ಟು ನಿಜವಾದ ಉತ್ತರವನ್ನು ಹಿಡಿಯಬೇಕು. ಇಂಧನ ಹೆಪ್ಪುಗಟ್ಟುವ ಭಯ ಬೇರೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯಲ್ಲಿ ಗಟ್ಟಿಯಾಗತೊಡಗುತ್ತದೆ, ನಮ್ಮಲ್ಲಿನ ಜೆಟ್ ಎ-1 ಮೈನಸ್ 47ರವರೆಗೆ ತಡೆಯುತ್ತದೆ. ಇವೆಲ್ಲವೂ ಒಳ್ಳೆಯ ಸಿಮ್ಯುಲೇಟರ್ ವಿಮಾನದ ಗೇಜುಗಳಲ್ಲಿ ಕಾಣುತ್ತವೆ. ಸೈಬೀರಿಯಾ ಮೇಲೆ ಇಂಧನದ ಉಷ್ಣಾಂಶ ಒಂದೊಂದೇ ಡಿಗ್ರಿ ಇಳಿಯುವುದನ್ನು ಶಿವಮೊಗ್ಗದ ಸೆಕೆಯಲ್ಲಿ ಫ್ಯಾನ್ ಹಾಕಿಕೊಂಡು ನೋಡುವುದು ಒಂದು ವಿಚಿತ್ರ ಸುಖ.

ತಪ್ಪು ಕಲ್ಪನೆ: ವೇಗವನ್ನು ನಾಲ್ಕು ಪಟ್ಟು ಮಾಡಿಕೊಂಡರೆ ನಾಲ್ಕು ಗಂಟೆಯಲ್ಲಿ ಅದೇ ಹಾರಾಟ ಮುಗಿಯುತ್ತದೆ.

ವಾಸ್ತವ: ಮುಗಿಯುತ್ತದೆ, ಆದರೆ ಅದೇ ಹಾರಾಟ ಅಲ್ಲ. ಈಗಿನ ಸಿಮ್ಯುಲೇಟರುಗಳು ಹವಾಮಾನವನ್ನು ಹೊರಗಿನಿಂದ ತರುತ್ತವೆ. 2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರಿಗೆ ಸ್ವಿಟ್ಜರ್‌ಲೆಂಡಿನ ಮೀಟಿಯೊಬ್ಲೂ ಸಂಸ್ಥೆಯ ಲೆಕ್ಕ ಬರುತ್ತದೆ. ಅದು ನಡೆಯುವುದು ಗೋಡೆ ಗಡಿಯಾರದ ಪ್ರಕಾರ. ನೀವು ವೇಗ ಹೆಚ್ಚಿಸಿದರೆ ವಿಮಾನ ಓಡುತ್ತದೆ, ಮೋಡ ಓಡುವುದಿಲ್ಲ. ಹದಿನಾರು ಗಂಟೆ ಕಳೆದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕವಿಯಬಹುದಾದ ಮಂಜು ನಿಮಗೆ ಸಿಗುವುದೇ ಇಲ್ಲ. ಎಂಟು ಹದಿನಾರು ಪಟ್ಟಿಗೆ ಹೋದರೆ ಆಟೊಪೈಲಟ್ ಕೂಡ ತಿರುವುಗಳಲ್ಲಿ ಗೆರೆ ದಾಟಿ ಓಲಾಡತೊಡಗುತ್ತದೆ.

ಗಾಳಿಯ ಸಂಗತಿ ನಮ್ಮ ಮಲೆನಾಡಿನವರಿಗೆ ಹೆಚ್ಚು ಹತ್ತಿರದ್ದು. ಮುಂಗಾರಿನಲ್ಲಿ ಆಗುಂಬೆ ಕಡೆಯಿಂದ ಮೋಡ ನುಗ್ಗುವಾಗ ಗಾಳಿಯೆಲ್ಲ ನೈಋತ್ಯದಿಂದ ಬರುತ್ತದೆ ಎಂದು ನಾವು ತಿಳಿದಿರುತ್ತೇವೆ. ಅದು ಕೆಳಗಿನ ಗಾಳಿಯ ಕಥೆ. ಅದೇ ದಿನ ಹದಿನಾಲ್ಕು ಹದಿನೈದು ಕಿ.ಮೀ. ಮೇಲೆ ದಕ್ಷಿಣ ಭಾರತದ ನೆತ್ತಿಯ ಮೇಲಿಂದ ಪೂರ್ವದಿಂದ ಪಶ್ಚಿಮಕ್ಕೆ ಜೋರು ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಅದನ್ನು ವಿವರಿಸಿ ಬರೆದರು. ವಿಮಾನಗಳು ಅದರ ನಡುವಿಗಿಂತ ಕೆಳಗೆ ಹಾರಿದರೂ ಅಂಚು ತಗಲುತ್ತದೆ. ಜುಲೈಯಲ್ಲಿ ಬೆಂಗಳೂರಿನಿಂದ ಕೊಲ್ಲಿಯ ಕಡೆ ಹಾರಿದವರಿಗೆ ಬೆನ್ನ ಹಿಂದಿನ ಗಾಳಿ. ಜನವರಿಯಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಗಾಳಿ ಇದಕ್ಕೆ ತದ್ವಿರುದ್ಧ: ಯುರೋಪಿಗೆ ಹೋಗುವಾಗ ಎದುರು, ಬರುವಾಗ ಸಹಾಯ. ಇದನ್ನು ಭೂಗೋಳದ ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಮರೆತಿದ್ದೆ. ಒಂದು ಇಡೀ ರಾತ್ರಿ ಎದುರುಗಾಳಿಯಲ್ಲಿ ಇಂಧನ ಲೆಕ್ಕ ಹಾಕಿದ ಮೇಲೆ ಮರೆಯುವ ಮಾತೇ ಇಲ್ಲ. ನಾಲ್ಕು ಪಟ್ಟು ವೇಗದಲ್ಲಿ ಹಾರಿದವರಿಗೆ ಈ ಎದುರುಗಾಳಿ ಒಂದು ಅಂಕಿ ಅಷ್ಟೇ, ಕೂತು ಸಹಿಸಿದವರಿಗೆ ಅದು ಎರಡು ಗಂಟೆಯ ತಡ.

ತಪ್ಪು ಕಲ್ಪನೆ: ಇದಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕು.

ವಾಸ್ತವ: ಸುರಿಯಲು ಮನಸ್ಸಿದ್ದವರಿಗೆ ಮಿತಿಯಿಲ್ಲ ನಿಜ. ಆದರೆ ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಪೂರ್ತಿ ಉಚಿತ. ವಿಮಾನ ಕಂಪನಿಯವರದ್ದೇ ಎನ್ನುವಂಥ ಹಾರಾಟದ ಯೋಜನೆಯನ್ನು ಸಿಂಬ್ರೀಫ್ ಎಂಬ ಜಾಲತಾಣ ಬಿಟ್ಟಿಯಾಗಿ ಮಾಡಿಕೊಡುತ್ತದೆ. ಹಳೆಯ ಕಂಪ್ಯೂಟರ್, ಒಂದು ಸಾದಾ ಜಾಯ್‌ಸ್ಟಿಕ್ ಸಾಕು. ದೂರದ ಹಾರಾಟಕ್ಕಂತೂ ಕಿಟಕಿಯಾಚೆಯ ದೃಶ್ಯ ಚೆಂದ ಇರಲೇಬೇಕೆಂದಿಲ್ಲ, ರಾತ್ರಿಯ ಸೈಬೀರಿಯಾ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಕಪ್ಪು. ನಮ್ಮೂರಿನಲ್ಲಿ ನಿಜವಾಗಿ ಬೇಕಾದ್ದು ಯುಪಿಎಸ್. ಮಳೆಗಾಲದಲ್ಲಿ ಹನ್ನೊಂದನೇ ಗಂಟೆಗೆ ಕರೆಂಟ್ ಹೋದರೆ ಅಲಾಸ್ಕಾವೂ ಹೋಯಿತು, ರಾತ್ರಿ ನಿದ್ದೆಯೂ ಹೋಯಿತು. ನೆಹರು ರಸ್ತೆಯಲ್ಲಿ ಜಾಯ್‌ಸ್ಟಿಕ್ ಕೊಳ್ಳುವ ಮುಂಚೆ ಬ್ಯಾಟರಿ ಕೊಳ್ಳಿ.

ತಪ್ಪು ಕಲ್ಪನೆ: ಇದು ಯಾರ ಜೊತೆಗೂ ಮಾತಿಲ್ಲದ ಒಂಟಿ ಹವ್ಯಾಸ.

ವಾಸ್ತವ: 2001ರಲ್ಲಿ ಶುರುವಾದ ವ್ಯಾಟ್ಸಿಮ್ ಎಂಬ ಜಾಲದಲ್ಲಿ ಜಗತ್ತಿನ ಎಲ್ಲೆಡೆಯ ಹವ್ಯಾಸಿಗಳು ಏಕಕಾಲಕ್ಕೆ ಹಾರುತ್ತಾರೆ, ಬೇರೆ ಹವ್ಯಾಸಿಗಳು ಕಂಟ್ರೋಲರ್‌ಗಳಾಗಿ ಅವರಿಗೆ ಅಪ್ಪಣೆ ಕೊಡುತ್ತಾರೆ. ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು. ಅಲ್ಲಿ ಒಂಬತ್ತಕ್ಕೆ ನೈನರ್ ಎನ್ನಬೇಕು, ಹೇಳಿದ್ದನ್ನು ಹೇಳಿದ ಹಾಗೇ ತಿರುಗಿ ಒಪ್ಪಿಸಬೇಕು. ಮೂವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ವಿಮಾನವನ್ನು ಒಂಟಿಯಾಗಿ ಬಿಟ್ಟು ಏಳುವಂತಿಲ್ಲ ಎಂಬುದು ಅವರ ನಿಯಮ. ಆಟೊಪೈಲಟ್ ಹಾಕಿ ಮಲಗುವ ಮಾತಿಗೆ ಉತ್ತರ ಅಲ್ಲೇ ಇದೆ.

ಹಾಗಾದರೆ ಹದಿನಾರು ಗಂಟೆ ಒಬ್ಬನೇ ಕೂರುವುದೇ? ಕೂಡದು. ನಿಜವಾದ ವಿಮಾನದಲ್ಲೇ ಅಷ್ಟು ದೂರಕ್ಕೆ ನಾಲ್ವರು ಪೈಲಟ್‌ಗಳು ಸರದಿಯ ಮೇಲೆ ಮಲಗಿ ಏಳುತ್ತಾರೆ. ಎದ್ದು ಓಡಾಡದೆ ಕೂತಲ್ಲೇ ಕೂತರೆ ಕಾಲಿನ ರಕ್ತನಾಳಕ್ಕೆ ಒಳ್ಳೆಯದಲ್ಲ ಎಂಬುದು ಪ್ರಯಾಣಿಕನಿಗೆ ಎಷ್ಟು ನಿಜವೋ ಮನೆಯಲ್ಲಿ ಕೂತವನಿಗೂ ಅಷ್ಟೇ ನಿಜ. ಗೆಳೆಯರೊಬ್ಬರ ಜೊತೆ ಪಾಳಿ ಹಂಚಿಕೊಂಡು ಹಾರುವುದೇ ಮರ್ಯಾದಸ್ಥರ ಕ್ರಮ.

ತಪ್ಪು ಕಲ್ಪನೆ: ಇಷ್ಟು ಹಾರಿದವರಿಗೆ ಪೈಲಟ್ ಲೈಸನ್ಸ್ ಸಲೀಸು, ತುರ್ತಿಗೆ ನಿಜವಾದ ವಿಮಾನವನ್ನೂ ಇಳಿಸಬಲ್ಲರು.

ವಾಸ್ತವ: ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸನ್ಸಿಗೆ ಕನಿಷ್ಠ 200 ಗಂಟೆ ಹಾರಾಟ ಬೇಕು. ವಿಮಾನಯಾನ ನಿಯಂತ್ರಕ ಡಿಜಿಸಿಎ ಲೆಕ್ಕದಲ್ಲಿ ಮಹಡಿ ಕೋಣೆಯ ಸಾವಿರ ಗಂಟೆಯ ಬೆಲೆ ಸೊನ್ನೆ. ಪೈಲಟ್‌ಗಳು ತರಬೇತಿ ಪಡೆಯುವ ಸಿಮ್ಯುಲೇಟರ್ ಬೇರೆಯೇ ಜಾತಿ: ಹೈಡ್ರಾಲಿಕ್ ಅಥವಾ ವಿದ್ಯುತ್ ಕಾಲುಗಳ ಮೇಲೆ ನಿಂತು ಇಡೀ ಕಾಕ್‌ಪಿಟ್ ಅಲುಗುವ, ಕೋಟ್ಯಂತರ ರೂಪಾಯಿಯ, ಸರ್ಕಾರ ಪರೀಕ್ಷಿಸಿ ಮುದ್ರೆ ಒತ್ತಿದ ಯಂತ್ರ ಅದು. ಮನೆಯ ಕುರ್ಚಿಯಲ್ಲಿ ಮೈಗೆ ಏನೂ ತಿಳಿಯುವುದಿಲ್ಲ. ಕಿವಿಯೊಳಗಿನ ಸಮತೋಲ ಮೋಸ ಮಾಡುವುದು, ಹೊಟ್ಟೆ ಮೇಲೆದ್ದು ಬರುವುದು, ಭಯ, ಇದ್ಯಾವುದೂ ಇಲ್ಲ. 2022ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪೈಲಟ್ ಅಸ್ವಸ್ಥನಾದಾಗ ವಿಮಾನ ಹಾರಿಸಿಯೇ ಗೊತ್ತಿಲ್ಲದ ಪ್ರಯಾಣಿಕನೊಬ್ಬ ಕಂಟ್ರೋಲರ್ ಹೇಳಿಕೊಟ್ಟಂತೆ ಮಾಡಿ ಸುರಕ್ಷಿತವಾಗಿ ಇಳಿಸಿದ. ಅದು ಒಂದೇ ಎಂಜಿನ್ನಿನ ಸಣ್ಣ ಸೆಸ್ನಾ. ಅದನ್ನು ಹಿಡಿದು 777ರ ಬಗ್ಗೆ ಜಂಬ ಕೊಚ್ಚುವುದು ಬೇಡ. ಹೆಚ್ಚೆಂದರೆ ನಮಗೆ ಯಾವ ಗುಂಡಿ ಎಲ್ಲಿದೆ ಎಂಬುದು ಗೊತ್ತಿರುತ್ತದೆ. ಮಗನೋ ಮಗಳೋ ನಿಜವಾಗಿ ಪೈಲಟ್ ಆಗಬೇಕೆಂದರೆ ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯಂಥ ಕಡೆ ವಿಚಾರಿಸಿ, ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ.

ತಪ್ಪು ಕಲ್ಪನೆ: ಸೋಗಾನೆಯಿಂದಲೇ ನೇರ ಅಮೆರಿಕಕ್ಕೆ ಹಾರಬಹುದಲ್ಲ, ಸಿಮ್ಯುಲೇಟರಿನಲ್ಲಿ ಯಾರು ಕೇಳುತ್ತಾರೆ?

ವಾಸ್ತವ: ಯಾರೂ ಕೇಳುವುದಿಲ್ಲ, ಭೌತಶಾಸ್ತ್ರ ಕೇಳುತ್ತದೆ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ರನ್‌ವೇ ಮೂರು ಕಿ.ಮೀ.ಗೂ ಉದ್ದ, ರಾಜ್ಯದ ಅತಿ ಉದ್ದದ ರನ್‌ವೇಗಳಲ್ಲಿ ಅದೂ ಒಂದು. ಕೇಳಲು ಹೆಮ್ಮೆ. ಆದರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಏಪ್ರಿಲ್ ಬಿಸಿಲಿನ ತೆಳು ಗಾಳಿಯಲ್ಲಿ, ಪೂರ್ತಿ ಇಂಧನ ತುಂಬಿದ 777 ಅಷ್ಟು ನೆಲದಲ್ಲಿ ಏಳುವುದು ಕಷ್ಟ. 915 ಮೀಟರ್ ಎತ್ತರದ ಬೆಂಗಳೂರಿನಲ್ಲಿ 4,000 ಮೀಟರ್ ರನ್‌ವೇ ಇದ್ದೂ ಬಿಸಿಲು ಹೊತ್ತಿನಲ್ಲಿ ಭಾರದ ಲೆಕ್ಕವನ್ನು ಎರಡೆರಡು ಸಲ ನೋಡಬೇಕಾಗುತ್ತದೆ. ಹಳೆಯ ಸಿಮ್ಯುಲೇಟರ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು: 2006ರ ಎಫ್‌ಎಸ್‌ಎಕ್ಸ್‌ನಲ್ಲಿ ಸೋಗಾನೆಯಲ್ಲಿ ಬರೀ ಬಯಲು, ನಿಲ್ದಾಣವನ್ನು ನೀವೇ ಸೇರಿಸಿಕೊಳ್ಳಬೇಕು.

ಶುರು ಮಾಡುವ ಆಸೆಯಿದ್ದವರು ಸೋಗಾನೆಯಿಂದಲೇ ಶುರು ಮಾಡಿ, ಆದರೆ ಬೆಂಗಳೂರಿಗೆ. 2023ರ ಆಗಸ್ಟ್ 31ರಂದು ಇಲ್ಲಿಗೆ ಮೊದಲು ಬಂದ ಇಂಡಿಗೊ ವಿಮಾನದಂಥದ್ದೇ ಎಟಿಆರ್ 72 ತೆಗೆದುಕೊಳ್ಳಿ. ನೇರ ದೂರ 240 ಕಿ.ಮೀ. ಆಸುಪಾಸು, ಒಂದು ಗಂಟೆಯ ಹಾರಾಟ. ಇಂಧನದ ಲೆಕ್ಕ ಬರೆದುಕೊಳ್ಳಿ, ಆ ದಿನದ ನಿಜವಾದ ಹವಾಮಾನ ಹಾಕಿಕೊಳ್ಳಿ, ವೇಗ ಹೆಚ್ಚಿಸುವ ಗುಂಡಿಯನ್ನು ಮುಟ್ಟಬೇಡಿ. ಆ ಒಂದು ಗಂಟೆ ಬೇಸರ ಬರಿಸಿದರೆ ಹದಿನಾರು ಗಂಟೆಯ ತಂಟೆಗೆ ಹೋಗಬೇಡಿ. ಬರಿಸದಿದ್ದರೆ ಮೊದಲು ಒಂದು ಯುಪಿಎಸ್ ತನ್ನಿ.